ಮುಕಾದಮ ಅಂದದ್ದು, ಸುಲೋಚನಾ ಹೇಳಿದ್ದು

ನವಿ ಮುಂಬಯಿಯ ಖಾರಘರದ ಆ ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು. ಕಿಟಕಿಯ ಪಕ್ಕದಲ್ಲಿ ಮೆತ್ತನೆಯ ದಿಂಬು ಹಾಕಿದ ಬೆತ್ತದ ಕುರ್ಚಿ. ಫ್ಯಾನಿನ ನೇರ ಕೆಳಗೆ ಮರದ ಕುರ್ಚಿ. ಮೂರನೆಯದು ಗೋಡೆಗೆ ಒತ್ತಿಟ್ಟ ಪ್ಲಾಸ್ಟಿಕ್ ಕುರ್ಚಿ. ಅಲ್ಲಿಗೆ ಗಾಳಿ ತಲುಪುತ್ತಿರಲಿಲ್ಲ, ಪರದೆಯ ಸಂದಿಯಿಂದ ಮಧ್ಯಾಹ್ನದ ಬಿಸಿಲು ಮಾತ್ರ ಬಂದು ಬೀಳುತ್ತಿತ್ತು.

ಸುಲೋಚನಾ ಬಾಗಿಲಲ್ಲೇ ನಿಂತಿದ್ದಳು. ಕೆಳಗೆ ಔಷಧಿ ಅಂಗಡಿ, ಮೇಲೆ ಈ ಕೋಣೆ. ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಬಂದು, ಮೆಟ್ಟಿಲ ಬಳಿ ಚೆಲ್ಲಾಪಿಲ್ಲಿಯಾಗಿದ್ದ ಬೇರೆಯವರ ಚಪ್ಪಲಿಗಳನ್ನೆಲ್ಲ ಜೋಡಿಸಿಟ್ಟು, ತನ್ನದನ್ನು ಕೊನೆಗೆ ಗೋಡೆಯ ಮೂಲೆಗೆ ಬಿಟ್ಟಿದ್ದಳು. ಕೈಯಲ್ಲಿ ಡೊಂಬಿವಲಿಯ ಅಂಗಡಿಯಿಂದ ತಂದ ಪೇಡೆಯ ಡಬ್ಬ. ಬರಿಗೈಲಿ ಹೇಗೆ ಹೋಗುವುದು ಎಂದು ತಂದದ್ದು.

"ಬನ್ನಿ, ಬನ್ನಿ. ಎಲ್ಲಿ ಬೇಕಾದರೂ ಕೂತ್ಕೊಳ್ಳಿ" ಎಂದರು ನಳಿನಾಕ್ಷಿ. ಐವತ್ತು ದಾಟಿದ ಹೆಂಗಸು, ನೂಲಿನ ಸೀರೆ, ನರೆತ ಕೂದಲನ್ನು ಗಂಟು ಹಾಕಿ ಕಟ್ಟಿದ್ದರು. ಉಡುಪಿ ಕಡೆಯವರು. ಬಾಗಿಲ ಹೊರಗಿನ ಬೋರ್ಡಿನಲ್ಲಿ ಹಿಂದಿ, ಮರಾಠಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ 'ಆಪ್ತ ಸಮಾಲೋಚಕರು' ಎಂದಿತ್ತು.

"ನೀವು ಯಾವ ಕುರ್ಚಿಮ್ಯಾಲೆ ಕೂಡ್ತೀರಿ, ಮೇಡಂ?"

"ನೀವು ಬಿಟ್ಟ ಯಾವುದಾದರೂ ಆಗ್ತದೆ."

ಸುಲೋಚನಾ ಒಂದು ಕ್ಷಣ ಮೂರನ್ನೂ ನೋಡಿ, ನೇರವಾಗಿ ಹೋಗಿ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತಳು. ಬಿಸಿಲು ಕೆನ್ನೆಗೆ ಹೊಡೆಯುತ್ತಿತ್ತು. ಕಿವಿಯ ಪಕ್ಕದಿಂದ ಬೆವರು ಇಳಿದು ಕುಪ್ಪಸದ ಕತ್ತಿನೊಳಗೆ ಹೋಯಿತು.

"ಸೆಕೆ ಆಗ್ತಿಲ್ವಾ ಅಲ್ಲಿ?"

"ಇಲ್ರೀ, ಆರಾಮ ಐತ್ರಿ."

ನಳಿನಾಕ್ಷಿ ಎದ್ದು ಪರದೆ ಎಳೆಯಲಿಲ್ಲ. ಬೆತ್ತದ ಕುರ್ಚಿಯಲ್ಲಿ ಕೂತು, ಮೊದಲು ತಮ್ಮ ನಿಯಮಗಳನ್ನು ತಿಳಿಸಿದರು. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ. ಹೊರಗೆ ರೈಲಿನಲ್ಲೋ ಬಜಾರಿನಲ್ಲೋ ಎದುರಾದರೆ ತಾವಾಗಿ ಮಾತಾಡಿಸುವುದಿಲ್ಲ. ಜೊತೆಯಲ್ಲಿದ್ದವರು 'ಇವರು ಯಾರು' ಎಂದು ಕೇಳಿ ಮುಜುಗರವಾಗಬಾರದಲ್ಲ. ಬೇಕಿದ್ದರೆ ನೀವೇ ಮಾತಾಡಿಸಿ ಎಂದರು. ಸುಲೋಚನಾ ಎಲ್ಲದಕ್ಕೂ ತಲೆಯಾಡಿಸಿದಳು. ಆದರೆ ಅವಳ ಮನಸ್ಸೆಲ್ಲ ತೊಡೆಯ ಮೇಲಿನ ಪೇಡೆಯ ಡಬ್ಬದ ಮೇಲಿತ್ತು. ಯಾವಾಗ ಕೊಟ್ಟರೆ ಸರಿಯಾದೀತು ಎಂದು ಲೆಕ್ಕ ಹಾಕುತ್ತಿದ್ದಳು.

"ಈಗ ಹೇಳಿ. ಎಂತಕ್ಕೆ ಬಂದದ್ದು?"

"ಏನ್ ಹೇಳಿದ್ರ ನಿಮಗ ಅನುಕೂಲ ಆಗ್ತೈತ್ರಿ?"

ನಳಿನಾಕ್ಷಿಯ ತುಟಿಯಲ್ಲಿ ನಗು ಬಂದು ಹೋಯಿತು. "ನನ್ನ ಅನುಕೂಲಕ್ಕೆ ಬಂದದ್ದಾ ನೀವು, ಡೊಂಬಿವಲಿಯಿಂದ ಇಷ್ಟು ದೂರ?"

ಆಮೇಲೆ ಸುಲೋಚನಾ ಹೇಳಿದಳು. ಹದಿನೈದು ದಿನದ ಹಿಂದೆ, ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಅವಳ ಎಂದಿನ ಫಾಸ್ಟ್ ಲೋಕಲ್ ಬಂದು ನಿಂತಿತು. ಹೆಂಗಸರೆಲ್ಲ ನುಗ್ಗಿದರು. ಅವಳ ಕಾಲು ಮಾತ್ರ ಏಳಲಿಲ್ಲ. ನೋವಿಲ್ಲ, ತಲೆಸುತ್ತಿಲ್ಲ. ಕಾಲು ತನ್ನದಲ್ಲವೇನೋ ಎಂಬ ಹಾಗೆ ಇತ್ತು, ಅಷ್ಟೆ. ಮುಂದಿನ ಗಾಡಿ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಬೆಂಚಿನ ಮೇಲೆ ಕೂತಳು. ಅಷ್ಟರಲ್ಲಿ ಅವಳ ಸರಕು ಸಾಗಣೆ ಆಫೀಸಿನ ಫೋನುಗಳು ಶುರುವಾದವು. ಪನವೇಲಿನ ಹತ್ತಿರ ಕೆಟ್ಟು ನಿಂತ ಟ್ರಕ್ಕಿನ ಮಾಲನ್ನು ಬೇರೆ ಗಾಡಿಗೆ ಹಾಕಿಸಿದಳು, ರಜೆ ಹಾಕಿದ ಹುಡುಗಿಯ ಕೆಲಸವನ್ನು ಇನ್ನೊಬ್ಬಳಿಗೆ ವಹಿಸಿದಳು, ಸಿಟ್ಟಾಗಿದ್ದ ಗಿರಾಕಿಯೊಬ್ಬನನ್ನು ಸಮಾಧಾನ ಮಾಡಿದಳು. ಎಲ್ಲವೂ ಆ ಬೆಂಚಿನ ಮೇಲಿಂದಲೇ. ಕಾಲಿಗೆ ಜೀವ ಬಂದಾಗ ಬಿಸಿಲು ಏರಿತ್ತು. ಆಫೀಸಿಗೆ ಹೋಗಿ 'ಗಾಡಿ ಲೇಟು' ಎಂದಳು. ಲೋಕಲ್ ಲೇಟೆಂದರೆ ಯಾರು ತಾನೆ ನಂಬುವುದಿಲ್ಲ?

"ಯಾರಿಗೂ ಗೊತ್ತಾಗಲಿಲ್ಲ?"

"ಇಲ್ರೀ. ಅವತ್ತು ನಮ್ಮ ಬಾಸ್ ರಂಜನ್ ಸರ್ ಶಾಭಾಸ್ ಅಂದ್ರು. ಟ್ರಕ್ಕಿನ ಸಲುವಾಗಿ."

ಡೊಂಬಿವಲಿಯ ಡಾಕ್ಟರು ರಕ್ತ, ಥೈರಾಯ್ಡ್, ಬೆನ್ನುಮೂಳೆ ಎಲ್ಲ ತಪಾಸಣೆ ಮಾಡಿಸಿ, ಏನೂ ದೋಷವಿಲ್ಲವೆಂದು ಇಬ್ಬರು ಸಮಾಲೋಚಕರ ಹೆಸರು ಕೊಟ್ಟಿದ್ದರು. ಒಬ್ಬರು ಡೊಂಬಿವಲಿಯಲ್ಲೇ ಇದ್ದರು. ಆದರೆ ಅಲ್ಲಿ ಪರಿಚಯದವರು ಕಂಡರೆ, 'ಯಂಕಪ್ಪನ ಮಗಳು ಹುಚ್ಚಿನ ಡಾಕ್ಟರ್ ಹತ್ರ ಹೋಗ್ತಾಳ' ಎಂಬ ಸುದ್ದಿ ಊರ ಕಡೆಯವರಿರುವ ಕಲ್ಯಾಣದವರೆಗೂ ಹಬ್ಬುತ್ತಿತ್ತು. ಅದಕ್ಕೇ ಖಾರಘರ. ಮನೆಯಲ್ಲಿ ಕಂಪನಿಯ ಟ್ರೇನಿಂಗ್ ಎಂದು ಹೇಳಿ ಬಂದಿದ್ದಳು.

"ನಿಮ್ಮ ಕೆಲಸ ನಿಂತಿಲ್ಲ. ಕೆಲಸ ಮಾಡುವವಳು ಒಳಗೆ ಬತ್ತಿಹೋಗಿದ್ದಾಳೆ" ಎಂದರು ನಳಿನಾಕ್ಷಿ. "ಇದನ್ನು ಬರ್ನ್‌ಔಟ್ ಅಂತಾರೆ. ಕೆಲಸ ಹೆಚ್ಚಾದದ್ದರಿಂದ ಮಾತ್ರ ಬರುದಲ್ಲ. ಎಲ್ಲರೂ ಖುಷಿಯಾಗಿರ್ಬೇಕು ಅಂತ ದಿನವಿಡೀ ಕಾವಲು ಕಾಯುವವರಿಗೂ ಬರ್ತದೆ."

ಹೊರಡುವಾಗ ಸುಲೋಚನಾ ಪೇಡೆಯ ಡಬ್ಬ ಮುಂದೆ ಚಾಚಿದಳು. ನಳಿನಾಕ್ಷಿ ಮೆತ್ತಗೆ ಅದನ್ನು ಹಿಂದಕ್ಕೆ ಸರಿಸಿದರು. "ಇದು ಬೇಡ ಮಾರಾಯ್ರೆ. ಇಲ್ಲಿಗೆ ನೀವು ಏನೂ ತರಬೇಕಾಗಿಲ್ಲ."

ಮರಳುವ ಲೋಕಲ್ಲಿನಲ್ಲಿ ಠಾಣೆ ಸ್ಟೇಷನ್ ಬರುವವರೆಗೂ ಅವಳು ಆ ಡಬ್ಬವನ್ನೇ ನೋಡುತ್ತ ಕೂತಿದ್ದಳು. ಮೇಡಂಗೆ ಸಕ್ಕರೆ ಕಾಯಿಲೆ ಇರಬಹುದೇ? ಇಲ್ಲ, ತಾನೇ ತರಬಾರದಿತ್ತೇ? ಕೊನೆಗೆ ರೈಲಿನ ಡಬ್ಬಿಯಲ್ಲಿದ್ದ ಹೆಂಗಸರಿಗೆಲ್ಲ ಪೇಡೆ ಹಂಚಿದಳು. ಯಾರೋ ಮಗನ ರಿಸಲ್ಟಾ ಎಂದು ಕೇಳಿದರು. ಹೌದು ಎಂದಳು. ಅವಳಿಗೆ ಮದುವೆಯೇ ಆಗಿರಲಿಲ್ಲ.

ಸುಲೋಚನಾ ಹುಟ್ಟಿದ್ದು ಕಲ್ಯಾಣದ ಹೊರಗೆ, ಬಿಲ್ಡಿಂಗ್ ಏಳುತ್ತಿದ್ದ ಜಾಗದ ಪಕ್ಕದ ತಗಡಿನ ಸಾಲಿನಲ್ಲಿ. ತಂದೆ ಯಂಕಪ್ಪ, ತಾಯಿ ಶರಣಬಸಮ್ಮ, ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು. ಆ ಸಾಲಿನಲ್ಲಿದ್ದವರೆಲ್ಲ ಅದೇ ಕಡೆಯವರು. ಎಲ್ಲರಿಗೂ ಕನ್ನಡ ಬರುತ್ತಿತ್ತು, ಕೆಲವರಿಗೆ ತೆಲುಗೂ ಬರುತ್ತಿತ್ತು. ಮರಾಠಿ, ಹಿಂದಿ ಯಾರಿಗೂ ನೆಟ್ಟಗೆ ಬರುತ್ತಿರಲಿಲ್ಲ. ಮುನಿಸಿಪಾಲಿಟಿಯ ಮರಾಠಿ ಶಾಲೆಗೆ ಸೇರಿದ ಮೊದಲ ಮಗು ಸುಲೋಚನಾ. ಎರಡು ವರ್ಷದಲ್ಲಿ ಅವಳು ಮರಾಠಿಯನ್ನು ನೀರು ಕುಡಿದಂತೆ ಮಾತಾಡತೊಡಗಿದಳು. ಅಲ್ಲಿಂದ ಅವಳೇ ಇಡೀ ಸಾಲಿನ ನಾಲಗೆಯಾದಳು.

ಯಾರಿಗಾದರೂ ಜ್ವರ ಬಂದರೆ 'ಸುಲೋಚನಾನ್ನ ಕರಕೊಂಡು ಹೋಗ್ರಿ.' ಪೊಲೀಸರು ಬಂದರೆ 'ಸುಲೋಚನಾನ್ನ ಎಬ್ಬಸ್ರಿ.' ಬಾಲಮ್ಮನೆಂಬ ಮುದುಕಿಯಂತೂ ಕಾಯಿಪಲ್ಯ ಕೊಳ್ಳಲೂ ಅವಳನ್ನು ಸೆರಗಿಗೆ ಕಟ್ಟಿಕೊಂಡೇ ಹೋಗುತ್ತಿದ್ದಳು. ಮಗಳು ದೊಡ್ಡವರ ನಡುವೆ ನಿಂತು ಮಾತಾಡುವುದನ್ನು ನೋಡಿ ಶರಣಬಸಮ್ಮನಿಗೆ ಹೆಮ್ಮೆ. ಬಾಗಿಲಲ್ಲಿ ನಿಂತು, "ನಮ್ಮ ಸುಲೋಚನಿ ಬ್ಯಾರಿಸ್ಟರ್ ಆಗ್ಯಾಳವಾ" ಎನ್ನುವಳು.

ಆ ಹುಡುಗಿ ಕಲಿತ ಮೊದಲ ಪಾಠ ಎಂದರೆ, ಇದ್ದದ್ದನ್ನು ಇದ್ದ ಹಾಗೆ ಹೇಳಬಾರದು ಎಂಬುದು. ಯಾರೂ ಕಲಿಸಿದ್ದಲ್ಲ. ಕೆಲಸದ ಜಾಗದಲ್ಲಿ ಮುಕಾದಮನೊಬ್ಬನಿದ್ದ. ಕೂಲಿಗಳನ್ನು ಕರೆತಂದು ದುಡಿಸುವ ಮೇಸ್ತ್ರಿ. ಅವನ ಬಾಯಲ್ಲಿ ಬೈಗುಳವಿಲ್ಲದೆ ಮಾತೇ ಹೊರಡುತ್ತಿರಲಿಲ್ಲ. ಅವನು ಎದುರು ನಿಂತು ಮರಾಠಿಯಲ್ಲಿ, "ಈ ಮುದಿ ಎತ್ತಿಗೆ ಹೇಳು, ನಾಳೆಯೂ ಹೀಗೇ ತೆವಳಿದರೆ ಒದ್ದು ಓಡಿಸ್ತೀನಿ" ಎನ್ನುತ್ತಿದ್ದ. ಮುಂದೆ ಬರೆಯಲಾಗದ ಮಾತುಗಳನ್ನೂ ಸೇರಿಸುತ್ತಿದ್ದ. ಹುಡುಗಿ ಅಪ್ಪನ ಕಡೆ ತಿರುಗಿ, "ನಾಳೆ ಸ್ವಲ್ಪ ಲಗೂನ ಬರಬೇಕಂತಪ್ಪಾ" ಎನ್ನುತ್ತಿದ್ದಳು. ಯಂಕಪ್ಪ ಹಲ್ಲು ಕಚ್ಚಿ, "ಇವನ ಬಾಯಾಗ ಹುಳ ಬೀಳ" ಎಂದರೆ, ಅವಳು ಮುಕಾದಮನಿಗೆ ಮರಾಠಿಯಲ್ಲಿ, "ಆಗಲಿ ಸಾಹೇಬ್ರೆ ಅಂತಾರೆ, ನಿಮ್ಮ ಆರೋಗ್ಯ ಕೇಳ್ತಾರೆ" ಎನ್ನುತ್ತಿದ್ದಳು. ಇಬ್ಬರ ಮುಖವೂ ಸಡಿಲವಾಗುತ್ತಿತ್ತು. ಆಗ ಅವಳಿಗೆ ಉಸಿರು ಬರುತ್ತಿತ್ತು.

ಹೀಗೇ ಬೆಳೆದಳು. ಕಲ್ಯಾಣದ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದಳು, ಆ ತಗಡಿನ ಸಾಲಿನಲ್ಲಿ ಪದವಿ ಕಂಡವರಲ್ಲಿ ಅವಳೇ ಮೊದಲು. ಮಹಾಪೆಯಲ್ಲಿ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಬಿಲ್ಲು ಟೈಪು ಮಾಡುವ ಕೆಲಸಕ್ಕೆ ಸೇರಿ, ಹೆಜ್ಜೆ ಹೆಜ್ಜೆಯಾಗಿ ಮೇಲೇರಿ ಆಪರೇಶನ್ಸ್ ಮ್ಯಾನೇಜರ್ ಆದಳು. ಡೊಂಬಿವಲಿ ಪೂರ್ವದ ಸೊಸೈಟಿಯೊಂದರಲ್ಲಿ ಫ್ಲ್ಯಾಟ್ ಕೊಂಡು ಅಪ್ಪ ಅವ್ವನನ್ನು ಕರೆತಂದಳು. ಮದುವೆಯ ಮಾತು ಬಂತು. ಪ್ರತಿ ಸಲವೂ ಯಾರದೋ ಹೆರಿಗೆ, ಯಾರದೋ ಆಪರೇಶನ್ ಅಡ್ಡ ಬಂತು. ಆಮೇಲೆ ಮಾತೇ ನಿಂತಿತು. ಹಳೆಯ ಸಾಲಿನವರು ಈಗಲೂ ಆಸ್ಪತ್ರೆಗೆಂದರೆ ಅವಳಿಗೇ ಫೋನು ಮಾಡುತ್ತಿದ್ದರು. ಅವಳು ಹೋಗದ ದಿನವಿರಲಿಲ್ಲ. ಡಾಕ್ಟರು 'ಹುಷಾರು, ಇದು ದೊಡ್ಡ ಕಾಯಿಲೆ' ಎಂದರೆ, ಇವಳು 'ಔಷಧಿ ತಗೊಂಡ್ರ ಆರಾಮ ಆಗ್ತೈತಂತ' ಎನ್ನುತ್ತಿದ್ದಳು.

ಪ್ರತಿ ಶನಿವಾರ ಖಾರಘರಕ್ಕೆ ಹೋಗುವುದು ನಡೆಯಿತು. ಅಲ್ಲಿಯೂ ಅವಳು ಜಾಣ ವಿದ್ಯಾರ್ಥಿನಿ. ನಳಿನಾಕ್ಷಿ ಕೇಳಿದ್ದನ್ನೆಲ್ಲ ಹೇಳುತ್ತಿದ್ದಳು. ತಗಡಿನ ಸಾಲು, ಮುಕಾದಮ, ಬಾಲಮ್ಮನ ಕಾಯಿಪಲ್ಯ, ಎಲ್ಲ. ನಗುವ ಹಾಗೆ ಹೇಳುತ್ತಿದ್ದಳು. ನಳಿನಾಕ್ಷಿ ನಕ್ಕರೆ ಅವಳಿಗೆ ಹಗುರವಾಗುತ್ತಿತ್ತು.

ಮೂರನೆಯ ವಾರ ನಳಿನಾಕ್ಷಿ ಒಂದು ಸಣ್ಣ ಅಭ್ಯಾಸ ಕೊಟ್ಟರು. ಆಫೀಸಿಗೆ ಹೋಗಲು ಅವಳು ಠಾಣೆಯಲ್ಲಿ ಬದಲಿಸಿ ಹತ್ತುವ ನವಿ ಮುಂಬಯಿ ಗಾಡಿ ಅಲ್ಲಿಂದಲೇ ಹೊರಡುವುದರಿಂದ, ಬೇಗ ಹತ್ತಿದವರಿಗೆ ಸೀಟು ಸಿಗುತ್ತದೆ. ಆದರೆ ಹೆಂಗಸರ ಡಬ್ಬಿಯಲ್ಲಿ ಒಂದು ರೂಢಿಯಿದೆ. ನಿಂತವರು ಕೂತವರ ಬಳಿ ಬಂದು 'ಕಹಾಂ ಉತರೋಗೆ?' ಎಂದು ಕೇಳುತ್ತಾರೆ. ಎಲ್ಲಿ ಇಳಿಯುತ್ತೀರಿ ಎಂದು. ಉತ್ತರ ಸಿಕ್ಕರೆ ಆ ಸೀಟು ಅಲ್ಲಿಂದ ಮುಂದೆ ಅವರದಾಗುತ್ತದೆ. ಸುಲೋಚನಾ ಮಾತ್ರ ಯಾರಾದರೂ ಆ ಪ್ರಶ್ನೆ ಕೇಳಿದರೆ ಸಾಕು, ಗಾಡಿ ಮೊದಲ ಸ್ಟೇಷನ್ ಐರೋಲಿ ಮುಟ್ಟುವ ಮೊದಲೇ ಎದ್ದುಬಿಡುತ್ತಿದ್ದಳು.

"ಒಂದೇ ಕೆಲಸ" ಎಂದಿದ್ದರು ನಳಿನಾಕ್ಷಿ. "ನಿಮ್ಮ ಸ್ಟೇಷನ್ ಯಾವುದು, ಕೋಪರಖೈರಣೆಯಾ? ಕೇಳಿದವರಿಗೆ ಕೋಪರಖೈರಣೆ ಅಂತ ಹೇಳಿ, ಅಲ್ಲಿಯವರೆಗೆ ಕೂತೇ ಇರಿ. ಬಸುರಿ, ಮುದುಕಿ ಬಂದರೆ ಬೇರೆ ಮಾತು. ಉಳಿದವರಿಗೆ ನೀವು ಎದ್ದು ಕೊಡಬೇಕಾಗಿಲ್ಲ."

ಸೋಮವಾರ ಅವಳು ಕೂತಳು. ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ಬಂದು ಕೇಳಿದಳು. ಕೋಪರಖೈರಣೆ ಎಂದಳು ಸುಲೋಚನಾ. ಆ ಹುಡುಗಿ ಸುಮ್ಮನೆ ಕಂಬಿ ಹಿಡಿದು ನಿಂತಳು; ಮುಖ ಸ್ವಲ್ಪ ಸಪ್ಪಗಾಯಿತು, ಅಷ್ಟೆ. ಅದನ್ನು ನೋಡಲಾರದೆ ಸುಲೋಚನಾ ಎದ್ದುಬಿಟ್ಟಳು. ಅವಳ ಗಾಡಿಯ ಗೆಳತಿ ಜ್ಯೋತಿ, ಕಲಬುರಗಿ ಮೂಲದವಳು, ಇಲ್ಲೇ ಹುಟ್ಟಿದ್ದರಿಂದ ಕನ್ನಡ ತಿಳಿದರೂ ಹಿಂದಿಯಲ್ಲೇ ಉತ್ತರಿಸುವವಳು, ತನ್ನ ಬ್ಯಾಗನ್ನು ಇವಳ ಭುಜಕ್ಕೆ ನೇತುಹಾಕಿ ಕಿಸಕ್ಕನೆ ನಕ್ಕಳು.

"ಆ ಗಯಾ ಹಮಾರಾ ಹ್ಯಾಂಗರ್!" ಬಂತು ನಮ್ಮ ಬ್ಯಾಗು ತೂಗುವ ಗೂಟ ಎಂದು.

"ಹ್ಯಾಂಗರ್ ಅಂದ್ರ ಅನ್ನವಾ, ಬ್ಯಾಗ್ ಕೊಡು ಇತ್ಲಾಗ."

ಶನಿವಾರ ನಳಿನಾಕ್ಷಿ, "ಕೂತ್ಕೊಂಡ್ರಾ?" ಎಂದು ಕೇಳಿದಾಗ ಅವರ ಕಣ್ಣಿನಲ್ಲಿ ಎಂಥ ಆಸೆಯಿತ್ತೆಂದರೆ, ಸುಲೋಚನಾಳಿಗೆ ಇಲ್ಲ ಎನ್ನುವ ಧೈರ್ಯ ಬರಲಿಲ್ಲ.

"ಕೂತೀನ್ರಿ. ಕೋಪರಖೈರಣೆ ಮಟಾ."

"ಹೌದಾ! ಭಾರೀ ಲಾಯ್ಕ ಆಯ್ತು!"

ಆ 'ಲಾಯ್ಕ' ಅವಳನ್ನು ಇಡೀ ವಾರ ನಡೆಸಿತು. ಮುಂದಿನ ವಾರವೂ ಕೂತೆನೆಂದಳು. ಅದರ ಮುಂದಿನ ವಾರ, ಯಾರೋ ಗೊಣಗಿದರೂ ತಾನು ಏಳಲಿಲ್ಲವೆಂದು ಒಂದು ಸಣ್ಣ ಕಥೆಯನ್ನೇ ಕಟ್ಟಿ ಹೇಳಿದಳು. ರಾತ್ರಿ ನಿದ್ದೆ ಬರುತ್ತದೆ ಎಂದಳು. ಬರುತ್ತಿರಲಿಲ್ಲ. ಕಾಲು ಮತ್ತೆ ಎಂದೂ ಹಾಗೆ ಆಗಿಲ್ಲ ಎಂದಳು. ಒಮ್ಮೆ ಆಫೀಸಿನ ಮೆಟ್ಟಿಲಲ್ಲಿ ಆಗಿತ್ತು.

ಈ ನಡುವೆ ಆಫೀಸಿನಲ್ಲಿ ಭಿವಂಡಿಯ ಮಾತು ಎದ್ದಿತು. ಅಲ್ಲಿಯ ಹೊಸ ಗೋದಾಮಿನ ಮ್ಯಾನೇಜರ್ ಬಿಟ್ಟು ಹೋಗಿದ್ದ. ರಂಜನ್ ಸರ್ ಅವಳನ್ನು ಕರೆದು, ತಾವೇ ಚಹಾ ತರಿಸಿ, ಹಿಂದಿಯಲ್ಲಿ, "ಮಹಾಪೆಯ ಜೊತೆಗೆ ಭಿವಂಡಿಯನ್ನೂ ನೀವೇ ನೋಡಿಕೊಳ್ಳಿ. ನಿಮ್ಮನ್ನು ಬಿಟ್ಟರೆ ನನಗೆ ಯಾರಿದ್ದಾರೆ?" ಎಂದರು. ವಾರದಲ್ಲಿ ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ, ಭಾನುವಾರ ಫೋನಿನಲ್ಲಿ. ಅವಳಿಗೆ ಆ ಮೆಟ್ಟಿಲು ನೆನಪಾಯಿತು. ಮುಂದಿನ ಸಲ ಕಾಲು ಮಾತ್ರ ನಿಲ್ಲುವುದಿಲ್ಲ, ತಾನೇ ನಿಂತುಹೋಗುತ್ತೇನೆ ಎಂದು ಒಳಗೆ ಖಚಿತವಾಗಿ ಗೊತ್ತಿತ್ತು. ಆದರೂ ಬಾಯಿ, "ಆಯ್ತು ಸರ್" ಎಂದಿತು. ಸೋಮವಾರ ಎಲ್ಲರಿಗೂ ತಿಳಿಸುತ್ತೇನೆ ಎಂದರು ಸರ್.

ಅದೇ ವಾರದ ಗುರುವಾರ ಬೆಳಿಗ್ಗೆ ಐರೋಲಿಯಲ್ಲಿ ಹೆಂಗಸರ ಡಬ್ಬಿಗೆ ನಳಿನಾಕ್ಷಿ ಹತ್ತಿದರು.

ಸುಲೋಚನಾ ಬಾಗಿಲ ಬಳಿ ನಿಂತಿದ್ದಳು. ಎಡ ಭುಜದಲ್ಲಿ ಜ್ಯೋತಿಯ ಬ್ಯಾಗು, ಬಲ ಭುಜದಲ್ಲಿ ಇನ್ಯಾರದೋ, ಕೈಯಲ್ಲಿ ಇನ್ನೊಬ್ಬರ ಊಟದ ಚೀಲ. ಅವಳು ಬಿಟ್ಟುಕೊಟ್ಟ ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಕಿವಿಗೆ ವೈರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. ನಳಿನಾಕ್ಷಿಯ ದೃಷ್ಟಿ ಇವಳ ಮೇಲೆ ಬಿತ್ತು. ಮುಖ, ಭುಜ, ಕೈ. ಆಮೇಲೆ ಅವರು ಮೆಲ್ಲನೆ ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದರು. ರಬಾಳೆ ಬಂತು, ಘನಸೋಲಿ ಬಂತು. ಅವರು ಮತ್ತೆ ಈ ಕಡೆ ನೋಡಲಿಲ್ಲ.

ಮೊದಲ ದಿನ ಹೇಳಿದ ನಿಯಮ ಸುಲೋಚನಾಳಿಗೆ ನೆನಪೇ ಇರಲಿಲ್ಲ. ಅವಳಿಗೆ ಕಂಡದ್ದು ಒಂದೇ, ಮೇಡಂ ಮುಖ ತಿರುಗಿಸಿದರು. ಇಡೀ ದಿನ ಅದೇ ಕೊರೆಯಿತು. 'ಕ್ಷಮಿಸಿ ಮೇಡಂ' ಎಂದು ಮೆಸೇಜ್ ಬರೆದು ಅಳಿಸಿದಳು. ಅವರಿಗೆಂದು ಎರಡು ಸೀರೆ ಕೊಂಡುಹೋದರೆ ಹೇಗೆ ಎಂದು ಯೋಚಿಸಿದಳು. ಇನ್ನು ಹೋಗುವುದೇ ಬೇಡ ಎಂದುಕೊಂಡಳು. ಹೋಗದಿದ್ದರೆ ಅವರಿಗೆ ಬೇಸರವಾಗುತ್ತದೆ ಎಂದು ಶನಿವಾರ ಹೊರಟಳು.

ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತಳು. ನಳಿನಾಕ್ಷಿ ಗುರುವಾರದ ಸುದ್ದಿಯನ್ನೇ ಎತ್ತಲಿಲ್ಲ. ಅದು ಅವಳಿಗೆ ಇನ್ನೂ ಕಷ್ಟವಾಯಿತು.

"ಗುರುವಾರ ಒಂದ ದಿನ ನಿಂತಿದ್ನಿರಿ" ಎಂದಳು ತಾನಾಗಿ. "ಒಬ್ಬಾಕಿ ಬಸರಿ ಇದ್ಳು, ಅದಕ್ಕ."

"ಹೌದಾ."

"ನಿಮಗ ಸಿಟ್ಟು ಬಂತಲ್ರಿ?"

"ಯಾಕೆ ಹಾಗೆ ಅನಿಸಿತು?"

"ಮಾರಿ ತಿರಗಿಸಿದ್ರಿ."

"ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸುದಿಲ್ಲ ಅಂತ ಮೊದಲೇ ಹೇಳಿದ್ದೆ, ನೆನಪುಂಟಾ? ಸಿಟ್ಟು ಬರಲಿಲ್ಲ." ನಳಿನಾಕ್ಷಿ ತಮ್ಮ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. "ಆದರೆ ಬಂದಿದ್ದರೆ? ನನಗೆ ನಿಮ್ಮ ಮೇಲೆ ಸಿಟ್ಟು ಬಂದರೆ ಏನಾಗ್ತದೆ, ಸುಲೋಚನಾ?"

ಏನಾಗುತ್ತದೆ? ಸುಲೋಚನಾಳಿಗೆ ಗೊತ್ತಿರಲಿಲ್ಲ. ಸಂಗತಿ ಅಲ್ಲಿಯವರೆಗೆ ಹೋಗಲು ಅವಳು ಎಂದೂ ಬಿಟ್ಟಿರಲಿಲ್ಲ. ಸಿಟ್ಟು ಬರುವ ಮೊದಲೇ ಓಡಿಹೋಗಿ ತಡೆದಿದ್ದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬೆವರೋ ಕಣ್ಣೀರೋ ತಿಳಿಯದಂತೆ ಕೆನ್ನೆ ತೋಯಿತು.

"ಬಸರಿ ಇರಲಿಲ್ರಿ" ಎಂದಳು. "ನಾ ಒಂದು ದಿನಾನೂ ಕೂತಿಲ್ಲ. ಒಂದು ದಿನಾನೂ."

ಆಮೇಲೆ ಎಲ್ಲ ಹೊರಬಂತು. ಬಾರದ ನಿದ್ದೆ, ಆಫೀಸಿನ ಮೆಟ್ಟಿಲು, ಭಿವಂಡಿ. ಮುಗಿದ ಮೇಲೆ ನಳಿನಾಕ್ಷಿ ಹೇಳಿದರು, "ನೀವು ಕೂತೆ ಅಂದಾಗೆಲ್ಲ ನನಗೆ ಖುಷಿ ಆಗ್ತಿತ್ತು. ಆ ಖುಷಿಯನ್ನು ನೀವು ನೋಡ್ತಿದ್ರಿ. ನಾನು ಲಾಯ್ಕ ಲಾಯ್ಕ ಅನ್ನುವ ಬದಲು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಈಗ ಕೇಳ್ತೇನೆ. ಆ ಮುಕಾದಮ ನಿಮ್ಮಪ್ಪನಿಗೆ ನಿಜವಾಗಿ ಏನು ಅಂದಿದ್ದ? ಅವನ ಭಾಷೆಯಲ್ಲೇ ಹೇಳಿ."

ಸುಲೋಚನಾ ತಲೆ ಅಲ್ಲಾಡಿಸಿದಳು. ನಳಿನಾಕ್ಷಿ ಕಾದರು. ಕೊನೆಗೆ ಅವಳು ಹೇಳಿದಳು, ಮರಾಠಿಯಲ್ಲಿ, ಒಂದಕ್ಷರ ಬಿಡದೆ, ಅವನು ಹೇಳಿದ ಅದೇ ದನಿಯಲ್ಲಿ. ಇಷ್ಟು ವರ್ಷ ಆ ಮಾತುಗಳು ಅವಳೊಳಗೆ ಹಾಗೇ ಇದ್ದವು. ಹೇಳಿ ಮುಗಿಸಿ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇದು ಅಪ್ಪನಿಗೆ ಗೊತ್ತಿಲ್ವಾ?"

"ಇಲ್ರೀ. ನಾ ಎಂದೂ ಹೇಳಿಲ್ಲ."

"ಕೇಳಿದ್ದೀರಾ ಅವರನ್ನು?"

ಕೇಳಿರಲಿಲ್ಲ.

ಮರುದಿನ ಭಾನುವಾರ. ಯಂಕಪ್ಪ ಬಾಲ್ಕನಿಯಲ್ಲಿ ಚಾಪೆ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದ. ಬೆನ್ನು ಬಾಗಿದ್ದರೂ ಬೆರಳುಗಳಲ್ಲಿ ಕಸುವಿತ್ತು. ಎದುರಿನ ಬಿಲ್ಡಿಂಗಿನ ಹಿಂದೆ ಕಾರ್ಖಾನೆಗಳ ಕಡೆಯ ಆಕಾಶ ಮಬ್ಬಾಗಿತ್ತು. ಶರಣಬಸಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸುಲೋಚನಾ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು.

"ಅಪ್ಪಾ, ಆ ಮುಕಾದಮ ನೆನಪದಾನೇನು?"

"ಮರೀತೀನೇನವಾ ಅವನ್ನ."

"ಅವ ನಿನಗ ಭಾಳ ಬೈತಿದ್ದ. ನಾ ಅದನ್ನ ಹೇಳ್ತಿರಲಿಲ್ಲ. ಬ್ಯಾರೆ ಹೇಳ್ತಿದ್ದೆ."

ಯಂಕಪ್ಪನ ಬೆರಳು ನಿಲ್ಲಲಿಲ್ಲ. "ಗೊತ್ತು."

"ಏನ್ ಗೊತ್ತು?"

"ಬೈದದ್ದು ಗೊತ್ತು. ನೀ ಸಕ್ಕರಿ ಹಚ್ಚಿ ಹೇಳ್ತಿದ್ದದ್ದೂ ಗೊತ್ತು. ಪರದೇಶಕ್ಕ ಬಂದ ಕೂಲಿ ಮೊದಲ ಕಲಿಯೋದು ಬೈಗುಳನ ಅಲ್ಲೇನು? ಅನ್ನ, ನೀರು ಅನ್ನೋದು ಆಮ್ಯಾಲ ಬರ್ತಾವು."

ಒಳಗಿನಿಂದ ಶರಣಬಸಮ್ಮ, "ನಿಮ್ಮಪ್ಪ ಮನಿಗೆ ಬಂದು ಆ ಬೈಗುಳ ಎಲ್ಲಾ ನನಗ ಒಪ್ಪಿಸ್ತಿದ್ದ, ಮಗ್ಗಿ ಹೇಳಿದಂಗ" ಎಂದಳು. ಅವಳ ನಗುವೂ ಕೇಳಿಸಿತು, ರೊಟ್ಟಿಯ ಬಡಿತವೂ ನಿಲ್ಲಲಿಲ್ಲ.

ಸುಲೋಚನಾಳಿಗೆ ನಗು ಬರಲಿಲ್ಲ. "ಮತ್ತ ಯಾಕ ಸುಮ್ನ ಇದ್ದಿ? ನನಗ ಯಾಕ ಹೇಳಲಿಲ್ಲ?"

ಯಂಕಪ್ಪ ಈಗ ಕೈ ನಿಲ್ಲಿಸಿದ. "ನೀ ಏಳೆಂಟು ವರ್ಷದ ಕೂಸು. ನಡುವ ನಿಂತು ಅವನ ಮಾರಿ ನೋಡಾಕಿ, ನನ್ನ ಮಾರಿ ನೋಡಾಕಿ. ಹಣಿ ತುಂಬ ಬೆವರು. ಅಷ್ಟು ಕಷ್ಟಪಟ್ಟು ಕಟ್ಟಿದ ಮಾತು ಹ್ಯಾಂಗ ಮುರೀಲಿ? ಹೂಂ ಅಂತಿದ್ದೆ. ನೀ ಉಸಿರು ಬಿಡ್ತಿದ್ದಿ. ಅದನ್ನ ನೋಡಿ ನಾನೂ ಬಿಡ್ತಿದ್ದೆ."

ರಸ್ತೆಯಲ್ಲಿ ರಿಕ್ಷಾ ಒಂದು ಹಾರ್ನ್ ಹೊಡೆಯುತ್ತ ಹೋಯಿತು. ಅವನು ಮತ್ತೆ ಒಂದು ಕಾಯಿ ಎತ್ತಿಕೊಂಡ, ಸುಲಿಯಲಿಲ್ಲ.

"ಒಂದು ಮಾತು ಹೇಳ್ಲೇನು? ಬ್ಯಾಸರ ಮಾಡ್ಕೋಬ್ಯಾಡ. ಒಂದಿನ ಅವ ಭಾಳ ಅಂದ. ನಿಮ್ಮವ್ವನ್ನ ಹಿಡಿದು ಅಂದ. ಅವತ್ತು ನನ್ನ ಬಾಯಾಗ ಮಾತು ಬಂದು ನಿಂತಿತ್ತು. ನನ್ನ ಹರಕು ಹಿಂದಿಯಾಗ, 'ನಾನೂ ಮನಷ್ಯಾನ ಅದೀನಿ, ಇನ್ನ ಬರಂಗಿಲ್ಲ ಹೋಗು' ಅಂತ ಅನ್ನಾಂವ ಇದ್ದೆ. ಅಷ್ಟರಾಗ ನೀ ತಿರುಗಿ, 'ಅಪ್ಪಾ, ನೀ ಚಲೋ ಕೆಲಸ ಮಾಡ್ತಿ ಅಂತ ಅಂತಾರ' ಅಂದಿ. ಚಲೋ ಅಂದಾಂವಗ ನಾ ಏನಂತ ತಿರುಗಿ ಅನ್ಲಿ? ನನಗ ಅನ್ನಾಕ ಜಾಗ ಉಳೀಲಿಲ್ಲ. ಮರುದಿನ ಮತ್ತ ಹೋದೆ. ಎರಡು ವರ್ಷ ಹೋದೆ."

ಅವನ ದನಿಯಲ್ಲಿ ದೂರು ಇರಲಿಲ್ಲ. ಹವೆಯ ಮಾತಾಡಿದ ಹಾಗೆ ಹೇಳಿದ್ದ. ಆದರೆ ಸುಲೋಚನಾ ಕೈಯಲ್ಲಿದ್ದ ಕಾಯಿಗಳನ್ನು ಬುಟ್ಟಿಗೆ ಹಾಕಿ, ಮೊಣಕಾಲಿಗೆ ಹಣೆ ಹಚ್ಚಿದಳು. ತಾನು ಎಲ್ಲರನ್ನೂ ಕಾಪಾಡಿದೆ ಎಂದುಕೊಂಡಿದ್ದಳು. ಅಪ್ಪ ಒಂದೇ ಒಂದು ಸಲ 'ಬರಂಗಿಲ್ಲ' ಎನ್ನಬೇಕೆಂದಿದ್ದ. ಅದನ್ನು ಅವಳೇ ಬಾಯಲ್ಲೇ ಕಟ್ಟಿಹಾಕಿದ್ದಳು. ಬಹಳ ಹೊತ್ತು ಅತ್ತಳು. ಯಂಕಪ್ಪನಿಗೆ ಏನು ಮಾಡಬೇಕೋ ತಿಳಿಯದೆ, ಒರಟಾದ ಅಂಗೈಯನ್ನು ಅವಳ ಬೆನ್ನ ಮೇಲೆ ಇಟ್ಟು ಕೂತ. ಶರಣಬಸಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಅಪ್ಪಾ," ಎಂದಳು ಕೊನೆಗೆ, ಮುಖ ಎತ್ತದೆ, "ಖಾರಘರದಾಗ ಟ್ರೇನಿಂಗ್ ಇಲ್ಲ. ನಾ ಮನಸಿನ ಡಾಕ್ಟರ್ ಹತ್ರ ಹೋಗ್ತೀನಿ. ನನಗ ಸಾಕಾಗೇತಿ."

ಯಂಕಪ್ಪ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. "ಮಗ್ಗಲ ಮನಿಯವ್ರು ಕೇಳಿದ್ರ ನಾ ಟ್ರೇನಿಂಗ್ ಅಂತನ ಹೇಳ್ಲೇನು?" ಎಂದು ಕೇಳಿದ.

"ಇದ್ದದ್ದನ್ನ ಹೇಳು."

ಸೋಮವಾರ ಅವಳು ಎಲ್ಲರಿಗಿಂತ ಮೊದಲು ರಂಜನ್ ಸರ್ ಕ್ಯಾಬಿನ್ನಿಗೆ ಹೋದಳು. ಕೂರಿ ಎಂದರು, ಕೂತಳು. ಭಿವಂಡಿಯ ಕೆಲಸ ತನ್ನಿಂದಾಗುವುದಿಲ್ಲ ಎಂದಳು. ಅವರು ಮೊದಲು ನಕ್ಕರು. ಆಮೇಲೆ, "ಕಳೆದ ವಾರ ನೀವೇ ಆಯ್ತು ಅಂದಿರಲ್ಲ?" ಎಂದರು.

"ಅಂದಿದ್ದೆ ಸರ್. ಅನ್ನಬಾರದಿತ್ತು. ನನ್ನ ಆರೋಗ್ಯ ಸರಿಯಿಲ್ಲ. ಆಗುವುದಿಲ್ಲ."

ಸರಿಯಾಗುವ ಹಾಗೆ ಇನ್ನೇನಾದರೂ ಸೇರಿಸಬೇಕೆಂದು ಅವಳ ನಾಲಗೆ ತುದಿಯವರೆಗೆ ಬಂತು. 'ಆರು ತಿಂಗಳಾದ ಮೇಲೆ ನೋಡೋಣ', 'ಬೇರೆಯವರಿಗೆ ನಾನೇ ಕಲಿಸಿಕೊಡ್ತೀನಿ', ಹೀಗೆ ಏನೋ. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಕೂತಳು. ರಂಜನ್ ಸರ್ ಕಂಪ್ಯೂಟರಿನ ಕಡೆ ತಿರುಗಿದರು. "ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೆ" ಎಂದರು. ಅವರಿಗೆ ಸಿಟ್ಟು ಬಂದಿತ್ತು. ಸುಲೋಚನಾ ಹೊರಗೆ ಬಂದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಮುಖ ತೊಳೆದುಕೊಂಡು ತನ್ನ ಮೇಜಿಗೆ ಬಂದು ಕೂತಳು. ಕಾಲು ತನ್ನದೇ ಆಗಿತ್ತು.

ಭಿವಂಡಿ ಆಫೀಸಿನ ಮುರಾರಿ ಎಂಬುವವನ ಪಾಲಾಯಿತು. ಆ ವರ್ಷದ ಬಡ್ತಿಯೂ ಅವನಿಗೇ ಹೋಯಿತು. ರಂಜನ್ ಸರ್ ಮತ್ತೆ ಅವಳಿಗೆ ಚಹಾ ತರಿಸಲಿಲ್ಲ. ಮೊದಮೊದಲು ಅದು ಅವಳನ್ನು ಕಾಡಿತು, ಎಷ್ಟೋ ಸಲ ಕ್ಯಾಬಿನ್ನಿನ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಹಳೆಯ ಸಾಲಿನವರಲ್ಲೂ ಮಾತು ಹುಟ್ಟಿತು. ಸುಲೋಚನಾ ದೊಡ್ಡಾಕಿ ಆಗ್ಯಾಳ, ಕರೆದರ ಬರಂಗಿಲ್ಲ ಎಂದು. ಬಾಲಮ್ಮ ಫೋನಿನಲ್ಲೇ ಬೈದಳು. ಸುಲೋಚನಾ ಪೂರ್ತಿ ಕೇಳಿಸಿಕೊಂಡು, "ಐತವಾರ ಬರ್ತೀನಿ ಆಯಿ, ಇವತ್ತಾಗಂಗಿಲ್ಲ" ಎಂದಳು. ಬಾಲಮ್ಮ ಫೋನು ಕುಕ್ಕಿದಳು. ಐತವಾರ ಮುದುಕಿ ತಾನೇ ಮತ್ತೆ ಫೋನು ಮಾಡಿದಳು.

ಖಾರಘರಕ್ಕೆ ಮತ್ತೆ ಹೋದ ದಿನ ಅವಳು ಬಾಗಿಲಲ್ಲಿ ನಿಂತು ಮೂರು ಕುರ್ಚಿಗಳನ್ನೂ ನೋಡಿದಳು. ಪ್ಲಾಸ್ಟಿಕ್ ಕುರ್ಚಿಯವರೆಗೆ ಹೋದಳು. ಅದನ್ನು ಎತ್ತಿ ಫ್ಯಾನಿನ ಕೆಳಗೆ, ಮರದ ಕುರ್ಚಿಯ ಪಕ್ಕಕ್ಕೆ ತಂದು ಹಾಕಿಕೊಂಡು ಕೂತಳು. ಬೆತ್ತದ ಕುರ್ಚಿ ಬೇಕಿತ್ತು, ಆದರೆ ಅದಕ್ಕೆ ಇನ್ನೂ ಧೈರ್ಯ ಸಾಲಲಿಲ್ಲ. ನಳಿನಾಕ್ಷಿ ಈ ಸಲ 'ಲಾಯ್ಕ' ಎನ್ನಲಿಲ್ಲ. "ಹೇಗಿದ್ದೀರಿ?" ಎಂದರು. "ಚಲೋ ಇಲ್ರಿ" ಎಂದಳು ಸುಲೋಚನಾ.

ಸುಲೋಚನಾ ಈಗಲೂ ಮಹಾಪೆಯ ಅದೇ ಕಂಪನಿಯಲ್ಲಿ, ಅದೇ ಹುದ್ದೆಯಲ್ಲಿದ್ದಾಳೆ. ಸಂಜೆ ಹೊತ್ತಿಗೆ ಸರಿಯಾಗಿ ಹೊರಡುತ್ತಾಳೆ. ತಿಂಗಳಿಗೆರಡು ಶನಿವಾರ ಖಾರಘರಕ್ಕೆ ಹೋಗುತ್ತಾಳೆ. ಬೆಳಗಿನ ಗಾಡಿಯಲ್ಲಿ ಕೆಲವು ದಿನ ಕೋಪರಖೈರಣೆಯವರೆಗೆ ಕೂತಿರುತ್ತಾಳೆ, ಕೆಲವು ದಿನ ಎದ್ದುಬಿಡುತ್ತಾಳೆ. ಭಾನುವಾರ ಬೆಳಿಗ್ಗೆ ಕಲ್ಯಾಣದ ಆಸ್ಪತ್ರೆಗೆ ಊರ ಕಡೆಯವರ ಜೊತೆ ಹೋಗಿ, ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆಯೇ ಅವರಿಗೆ ಕನ್ನಡದಲ್ಲಿ ಹೇಳುತ್ತಾಳೆ.